ಹೆಸರು ಕರೆಯುವ ತನಕ

ಐವರ್ನಾಡಿನ ಬಸ್‌ಸ್ಟಾಪು ಹತ್ತಿರವಾಗುತ್ತಿದ್ದಂತೆ ಜಯಪ್ರಕಾಶನ ಕೈ ತಾನಾಗಿಯೇ ಪಿಕಪ್ಪಿನ ಗಾಜು ಏರಿಸಿತು. ಕಣ್ಣು, ರಸ್ತೆಯ ನಡುವೆ ದನ ಮಲಗಿದೆಯೋ ಎಂಬಂತೆ ಮುಂದಕ್ಕೆ ನೆಟ್ಟಿತು. ದನ ಇರಲಿಲ್ಲ. ಯಾವ ಭಾನುವಾರವೂ ಇರುವುದಿಲ್ಲ. ಇದ್ದದ್ದು ಅಮ್ಮು. ಬೆನ್ನಿಗೆ ಕೆಂಪು ಚೀಲ, ಕಾಲಿಗೆ ಬಿಳಿ ಶೂ, ಕಿವಿಯಲ್ಲಿ ಇಯರ್‌ಫೋನು, ಪುತ್ತೂರಿನ ಬಸ್ಸಿಗೆ ಕಾಯುತ್ತ. ಅವನು ಹೊರಟದ್ದೂ ಪುತ್ತೂರಿಗೇ. ಅದೇ ಬೇಕರಿಯ ಮೇಲಿನ ಅದೇ ಡ್ಯಾನ್ಸ್ ಹಾಲಿಗೆ, ಅದೇ ಹಿಪ್‌ಹಾಪ್ ಕ್ಲಾಸಿಗೆ. ಪಕ್ಕದ ಸೀಟಿನಲ್ಲಿ ಒಂದು ಸೆಂಟಿನ ಬಾಟಲಿ ಮಾತ್ರ ರಾಜನ ಹಾಗೆ ಉರುಳಾಡಿಕೊಂಡಿತ್ತು. ಅಮ್ಮುವಿನ ಅಮ್ಮ ಬೆಳಗಾಗುವ ಮೊದಲೇ ಅವನ ರಬ್ಬರ್ ಮರಗಳಿಗೆ ಗೀರು ಹಾಕುವವಳು. ಅಮ್ಮುವಿನ ಅಜ್ಜ ಸಿಲೋನಿನಿಂದ ಹಡಗಿನಲ್ಲಿ ಬಂದು ಈ ಗುಡ್ಡಗಳ ರಬ್ಬರಿಗೆ ಬೆನ್ನು ಬಗ್ಗಿಸಿ ದುಡಿದವನು. ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಕಲಿತು, ಬೆಳ್ಳಾರೆಯ ಮೊಬೈಲ್ ಅಂಗಡಿಯಲ್ಲಿ ಜನರ ಫೋನಿಗೆ ಗಾಜು ಅಂಟಿಸುವ ಅಮ್ಮು ಊರಿನ ಬಾಯಲ್ಲಿ ಇನ್ನೂ ಸಿಲೋನಿನವಳೇ. ಮೂರು ತಲೆಮಾರು ಕಳೆದರೂ ಹಡಗಿನಿಂದ ಇಳಿಯಲು ಬಿಡದ ಊರು. ಹತ್ತಿಸಿಕೊಂಡರೆ ಜನ ಎಂತ ಹೇಳಿಯಾರು ಎಂದು ಅವನು ಮೊದಮೊದಲು ಅಂದುಕೊಂಡಿದ್ದ. ಜನರ ಮಾತಿಗಿಂತ ತನ್ನ ಮಾತಿನದೇ ಹೆದರಿಕೆ ಎಂದು ಆಮೇಲೆ ತಿಳಿಯಿತು. ರಬ್ಬರ್ ಹಾಲು ಎಷ್ಟು ಬಂತು, ಮಳೆಗೆ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿಯಾಯಿತಾ ಎಂಬುದರ ಆಚೆಗೆ ಆ ಮನೆಯವರೊಡನೆ ಆಡಲು ಅವನ ಬಾಯಲ್ಲಿ ಬೇರೆ ಮಾತೇ ಬೆಳೆದಿರಲಿಲ್ಲ. ಕನ್ನಡಿಯಲ್ಲಿ ಅವಳು ಸಣ್ಣದಾಗುತ್ತ ಹೋದಳು. ಬಿಳಿ ಶೂ ಡಾಮರಿಗೆ ಬಡಿಯುತ್ತಿತ್ತು. ಅದು ತಾಳವೋ ಬೈಗುಳವೋ ಕನ್ನಡಿ ಹೇಳಲಿಲ್ಲ.

ಇವತ್ತು ಸರ್ಕಲ್. ಹಿಂದಿನ ವಾರ ಚಿನ್ಮಯ, ಅವನಿಗಿಂತ ಎಷ್ಟೋ ಚಿಕ್ಕವನಾದ ಆ ಮಾಸ್ತರು, ಸ್ಪೀಕರಿನ ಮೇಲೆ ಕೂತು ಹೇಳಿದ್ದ: "ಮುಂದಿನ ಭಾನುವಾರ ಸ್ಟೆಪ್ ಕಲಿಸುದಿಲ್ಲ. ಎಲ್ಲರೂ ಸುತ್ತ ನಿಲ್ಲುದು, ನಡುವಿಗೆ ಒಬ್ಬೊಬ್ಬರೇ ಹೋಗುದು. ನಾನು ಯಾರ ಹೆಸರನ್ನೂ ಕರೆಯುದಿಲ್ಲ ಆಯ್ತಾ. ಯಾರು ಹೊಕ್ಕು ಸ್ವಂತದ್ದು ಏನಾದ್ರೂ ಕುಣೀತಾರೆ, ಅವರು ಶನಿವಾರದ ಬ್ಯಾಚಿಗೆ. ಉಳಿದವರು ಇಲ್ಲೇ, ಮಕ್ಕಳ ಜೊತೆ." ಮಕ್ಕಳು ಹೋ ಎಂದಿದ್ದವು. ಮಕ್ಕಳ ಹಿಂದಿನ ಸಾಲಿನಲ್ಲಿ, ತೆಂಗಿನ ಸಸಿಗಳ ನಡುವೆ ನೆಟ್ಟ ಕರೆಂಟು ಕಂಬದ ಹಾಗೆ ನಿಂತಿದ್ದ ಜಯಪ್ರಕಾಶನೂ ಹೋ ಎನ್ನಲು ಹೋಗಿ ಕೆಮ್ಮಿದ್ದ. ಅವನ ಜೊತೆ ಸೇರಿದವರಲ್ಲಿ ಹೆಚ್ಚಿನವರು ಶನಿವಾರದ ಮೇಲಿನ ಬ್ಯಾಚಿಗೆ ಹೋಗಿಯಾಗಿತ್ತು. ಇನ್ನೂ ಒಂದು ವರ್ಷ ಇಲ್ಲೇ ಎಂದಾದರೆ ಬಿಟ್ಟುಬಿಡುವುದು ಎಂದು ಅವನು ತೀರ್ಮಾನಿಸಿದ್ದ. ತೀರ್ಮಾನಿಸಿದ ಕ್ಷಣದಿಂದ ಬಿಡಲಾರೆ ಎಂಬುದೂ ಗೊತ್ತಾಗಿತ್ತು. ವಾರದಲ್ಲಿ ಆ ಒಂದು ಗಂಟೆ ಮಾತ್ರ ಅವನು ಯಾರ ಮಗನೂ ಅಲ್ಲ, ಯಾವ ಮನೆಯ ಯಜಮಾನನೂ ಅಲ್ಲ, ಸೊಸೈಟಿಯಲ್ಲಿ ಕುರ್ಚಿ ಎಳೆದು ಕೊಡಿಸಿಕೊಳ್ಳುವವನೂ ಅಲ್ಲ. ಎರಡು ಮೊಣಕಾಲು, ಒಂದು ಡ್ರಮ್ಮು. ಅದನ್ನು ಕಳೆದುಕೊಂಡರೆ ಉಳಿಯುವುದು ಕುರ್ಚಿ.

"ಸಾರ್, ಸ್ಟೆಪ್ ಎಲ್ಲ ಸರಿ ಉಂಟು," ಎಂದು ಚಿನ್ಮಯ ಒಮ್ಮೆ ತಲೆ ಕೆರೆದುಕೊಂಡಿದ್ದ. "ಡ್ಯಾನ್ಸೇ ಇಲ್ಲ." ಅದು ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಅವನು ನಿಜವಾಗಿಯೂ ಗೊಂದಲದಲ್ಲಿದ್ದ, ಗ್ಯಾಸ್ ತುಂಬ ಇದ್ದೂ ಒಲೆ ಹತ್ತದವನ ಹಾಗೆ. ಆಮೇಲೆ ಮನೆಪಾಠ ಕೊಟ್ಟ. ಗೊತ್ತಿರುವ ಒಂದೇ ಸ್ಟೆಪ್ಪು ತಗೊಳ್ಳುದು, ಅದರಲ್ಲಿ ಒಂದೇ ಸಂಗತಿ ಬದಲಾಯಿಸುದು. ಸಣ್ಣ ಮಾಡುದು, ನಿಧಾನ ಮಾಡುದು, ಬೆನ್ನು ತಿರುಗಿಸಿ ಮಾಡುದು. ಎಣಿಸುದು ಬಿಟ್ಟು ಹಾಡಿನಲ್ಲಿ ಡ್ರಮ್ಮು ಎಲ್ಲಿ ಬೀಳ್ತದೆ ಕೇಳುದು, ಅಲ್ಲಿ ಭಾರ ಕೆಳಗೆ ಬಿಡುದು. ಜಯಪ್ರಕಾಶ ಮನೆಯ ಹಿಂದಿನ ಹೊಗೆಗೂಡಿನಲ್ಲಿ, ಬಿದಿರಿಗೆ ನೇತು ಹಾಕಿದ ರಬ್ಬರ್ ಶೀಟುಗಳ ನಡುವೆ, ಅದನ್ನೆಲ್ಲ ಮಾಡಿದ. ಶೀಟುಗಳು ಒಣಗಲು ಹಾಕಿದ ಯಾರದೋ ಚರ್ಮಗಳ ಹಾಗೆ ಅವನ ಸುತ್ತ ಅಲುಗಿದವು. ಸಣ್ಣ ಮಾಡು ಎಂದದ್ದಕ್ಕೆ ಸಣ್ಣ ಮಾಡಿದ, ನಿಧಾನ ಮಾಡು ಎಂದದ್ದಕ್ಕೆ ನಿಧಾನ ಮಾಡಿದ. ಸ್ವಂತದ್ದು ಮಾಡು ಎಂದದ್ದೂ ಅವನಿಗೆ ಪಾಲಿಸಬೇಕಾದ ಇನ್ನೊಂದು ಅಪ್ಪಣೆಯಾಯಿತು. ಹೆಂಡತಿ ಶರ್ಮಿಳಾ ಬಾಗಿಲಲ್ಲಿ ಬಂದು ನಿಂತು, ಸೆರಗು ಬಾಯಿಗೆ ಒತ್ತಿ, ಮನೆಮಾತಿನಲ್ಲಿ ಹೇಳಿದಳು: "ಸೊಂಟ ಜಾಗ್ರತೆ. ಮತ್ತೆ ಎಣ್ಣೆ ತಿಕ್ಕಿಕೆ ನಂಗೆ ಪುರ್ಸೊತ್ತು ಇಲ್ಲೆ." ನಗುತ್ತಲೇ ಹೋದಳು. ನಗೆ ಅಡಿಗೆಮನೆಯವರೆಗೂ ಕೇಳಿಸಿತು.

ಆ ಹೊಗೆಗೂಡಿನಲ್ಲೇ, ಆಸಿಡ್ ಡಬ್ಬಕ್ಕೆ ಫೋನು ಒರಗಿಸಿ ತೆಗೆದ ವೀಡಿಯೋದಲ್ಲಿ, ಅವನು ತನ್ನ ಕೈಗಳನ್ನು ನೋಡಿದ್ದು. ಹಾಡು ಶುರುವಾಗುತ್ತದೆ, ಇನ್ನೂ ಕುಣಿತ ಶುರುವಾಗಿಲ್ಲ. ಆ ನಡುವಿನ ಗಳಿಗೆಯಲ್ಲಿ ಬಲಗೈ ಎಡಗೈಯ ಮೇಲೆ ಬಂದು, ಎರಡೂ ಬೊಗಸೆಯಾಗಿ, ಹೊಟ್ಟೆಯ ಮುಂದೆ ನಿಲ್ಲುತ್ತವೆ. ತಲೆ ತುಸು ಬಾಗುತ್ತದೆ. ಕಣ್ಣು ಓರೆಯಾಗಿ ಯಾರನ್ನೋ ನೋಡುತ್ತದೆ. ಇನ್ನೊಂದು ವೀಡಿಯೋ ಹಾಕಿದ, ಅದರಲ್ಲೂ ಅದೇ. ಕ್ಲಾಸಿನಲ್ಲಿ ಚಿನ್ಮಯ ಒಮ್ಮೆ, "ಅದೆಂತ ಸಾರ್, ಪ್ರಸಾದಕ್ಕೆ ನಿಂತ ಹಾಗೆ?" ಎಂದದ್ದಕ್ಕೆ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ನಗು ಬರಲಿಲ್ಲ. ಕುಟುಂಬದ ದೈವದ ಗುಡಿಯ ಮುಂದೆ ವರ್ಷಕ್ಕೊಮ್ಮೆ ತಂಬಿಲದ ಪೂಜೆ ನಡೆಯುವಾಗ ಅವನು ನಿಲ್ಲುವುದೇ ಹೀಗೆ. ಜತ್ತಪ್ಪ ದೊಡ್ಡಪ್ಪ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡು ಹೆಸರು ಕರೆಯುತ್ತಾರೆ. ಮೊದಲ ಹೆಸರು ಅಪ್ಪನದಿತ್ತು, ಅಪ್ಪ ಹೋದ ಮೇಲೆ ಇವನದು. ಕರೆದ ಮೇಲೆ ಕಾಲು ಮುಂದೆ, ಕೈ ಬೊಗಸೆ, ಗಂಧ ಬೀಳುತ್ತದೆ. ಆಮೇಲೆ ತಮ್ಮಂದಿರ ಹೆಸರು, ದಾಯಾದಿಗಳ ಹೆಸರು, ಒಂದೊಂದೂ ಅದರ ತೂಕದಲ್ಲಿ. ಆಮೇಲೆ "ಹೆಂಗಸರು," ಒಟ್ಟಿಗೆ, ಹೆಸರಿಲ್ಲದೆ. ಕೊನೆಗೆ, ಜನ ಊಟದ ಕಡೆ ತಿರುಗಿಯಾದ ಮೇಲೆ, "ಕೆಲಸದವರು ಯಾರಾದ್ರೂ ಇದ್ರೆ." ಇದ್ದರೆ! ಗುಡಿಗೆ ಸುಣ್ಣ ಬಳಿದವರು, ಚಪ್ಪರಕ್ಕೆ ಕಂಬ ಹೊತ್ತವರು, ವರ್ಷವಿಡೀ ಆ ಮನೆಯನ್ನು ಹೊತ್ತವರು, ಗದ್ದೆಯ ಅಂಚಿನಲ್ಲಿ ಇದ್ದಾರೋ ಇಲ್ಲವೋ ಎಂಬುದು ದೊಡ್ಡಪ್ಪನಿಗೆ ಪ್ರತಿ ವರ್ಷ ಸಂಶಯ. ಈ ಸಲ ಮಾತ್ರ ಅಂಚಿನಿಂದ ಒಂದು ಹೆಣ್ಣುದನಿ ಬಂತು: "ಇದ್ದೇವೆ. ಹೆಸರೂ ಉಂಟು." ಜೀನ್ಸಿನ ಜೇಬಿನಲ್ಲಿ ಕೈಯಿಟ್ಟ ಅಮ್ಮು. ಅವಳ ಅಮ್ಮ ಅವಳ ರಟ್ಟೆ ಜಗ್ಗಿದಳು. ಯಾರೋ ನಕ್ಕರು. ಆ ನಗು ಅಂಗಳ ದಾಟಿ ಬಂತು. ಕೈಯಲ್ಲಿ ಗಂಧ ಹಿಡಿದಿದ್ದ ಜಯಪ್ರಕಾಶನೂ ಅದಕ್ಕೆ ತನ್ನ ಪಾಲು ಸೇರಿಸಿ ಮುಂದಿನವರಿಗೆ ದಾಟಿಸಿದ.

ಪುತ್ತೂರಿನಲ್ಲಿ ಬೇಕರಿಯ ಪಕ್ಕ ಪಿಕಪ್ಪು ನಿಲ್ಲಿಸಿ ಕಂಕುಳಿಗೆ, ಕತ್ತಿಗೆ, ಯೋಚನೆ ಮಾಡಿ ಮೊಣಕಾಲಿಗೂ ಸೆಂಟು ಹೊಡೆದುಕೊಂಡ. ರಬ್ಬರಿನ ಹುಳಿವಾಸನೆ ಸೆಂಟಿಗೆ ಹೆದರುವ ಜಾತಿಯದಲ್ಲ. ಎರಡೂ ಕೈಕೈ ಹಿಡಿದು ಮೆಟ್ಟಿಲು ಹತ್ತಿದವು. "ಧಣಿ ಅಂಕಲ್ ಬಂದ್ರು!" ಎಂದು ಕಿಟಕಿ ತೆರೆದದ್ದು ಹನಾನ್. ಆರನೇ ಕ್ಲಾಸಿನ ಹುಡುಗಿ, ಮಕ್ಕಳ ಸೈನ್ಯದ ದಂಡನಾಯಕಿ. ಧಣಿ ಎಂಬ ಹೆಸರು ಅವನಿಗೆ ಅಂಟಿದ್ದು ಇಲ್ಲಿಯೇ. ಕ್ಲಾಸಿಗೆ ಸೇರಿದ ಹೊಸದರಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಕನ್ನಡಿಯ ಎದುರು ಸ್ಟೆಪ್ಪು ತೋರಿಸಬೇಕಿತ್ತು. ತನ್ನ ಸರದಿಯಲ್ಲಿ ಮುಂದೆ ಬಂದ ಅಮ್ಮು ಹಿಂದೆ ಅವನಿರುವುದು ಕಂಡು ಥಟ್ಟನೆ ಪಕ್ಕಕ್ಕೆ ಸರಿದಳು: "ನೀವು ಹೋಗಿ ಧಣಿ." ಅಂದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಂಡಳು. ಹನಾನ್ ಅದನ್ನು ಗಾಳಿಯಲ್ಲೇ ಹಿಡಿದಳು. ಡ್ಯಾನ್ಸರಿಗೆಲ್ಲ ಒಂದು ಹೆಸರು ಬೇಕಂತೆ, ಅಂಕಲಿನದು ಧಣಿ. ಅವಮಾನವೋ ಮರ್ಯಾದೆಯೋ ತಿಳಿಯದೆ ಅವನು ಅದನ್ನು ಹಾಕಿಕೊಂಡ, ಸೈಜು ತಪ್ಪಿದ ಟೀಶರ್ಟಿನ ಹಾಗೆ. ಅಮ್ಮು ಅಂದಿನಿಂದ ಅವನ ಹತ್ತಿರ ಮಾತಾಡಲಿಲ್ಲ. ಒಬ್ಬಳೇ ಇರುವಾಗ ಅವಳ ಕುಣಿತ ನೀರು ಬಿಟ್ಟ ಪೈಪಿನ ಹಾಗೆ ಎಲ್ಲೆಲ್ಲಿಗೋ ಹಾರುತ್ತಿತ್ತು. ಅವನು ಒಳಗೆ ಬಂದ ಕೂಡಲೇ ಯಾರೋ ನಲ್ಲಿ ತಿರುಗಿಸಿದಂತೆ ನಿಲ್ಲುತ್ತಿತ್ತು. ಅವಳೂ ಮಕ್ಕಳ ಬ್ಯಾಚಿನಲ್ಲೇ ಉಳಿದದ್ದು ಅದಕ್ಕೇ ಎಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಅವನು ಸಾಕ್ಸು ಸರಿಮಾಡಿಕೊಳ್ಳುತ್ತಿದ್ದ.

ಇವತ್ತು ಅವಳು ಬಸ್ಸಿನಲ್ಲಿ ಬಂದು ತಲಪುವಾಗ ಎಲ್ಲರೂ ಸುತ್ತು ನಿಂತಾಗಿತ್ತು. ಖಾಲಿ ಇದ್ದದ್ದು ಅವನ ಎದುರಿನ ಜಾಗ ಒಂದೇ. ಚಿನ್ಮಯ ಹಾಡು ಹಾಕಿದ. ಡ್ರಮ್ಮು ನೆಲದಿಂದ ಹಿಮ್ಮಡಿಗೆ ಹತ್ತಿತು. ಯಾರೂ ಹೋಗಲಿಲ್ಲ. ಬ್ಯಾಚಿನಲ್ಲಿದ್ದ ಕೆಲವು ದೊಡ್ಡವರು ಒಬ್ಬರನ್ನೊಬ್ಬರು ಮುಂದೆ ತಳ್ಳಿದರು: "ನೀವು ಹೋಗಿ." "ಅಯ್ಯೋ, ನೀವು ದೊಡ್ಡವರು, ನೀವು ಮೊದಲು." "ಇಲ್ಲಪ್ಪ, ನಂದು ಎಂತ, ಆಮೇಲೆ ಆಯ್ತು." ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂರುವಾಗಿನ ಉಪಚಾರವೇ ಅದು, ಹಸಿವು ಮುಚ್ಚಿಟ್ಟು ಹಿರಿತನ ಅಳೆಯುವ ಉಪಚಾರ. ಒಂದು ಇಡೀ ಹಾಡು ನಡುವಿನ ಖಾಲಿ ಟೈಲ್ಸಿನ ಮೇಲೆ ತಾನೊಂದೇ ಕುಣಿದು ಮುಗಿಯಿತು. ಚಿನ್ಮಯ ಹಣೆ ಹಣೆ ಚಚ್ಚಿಕೊಂಡ. "ಎಂತ ಮಾರಾಯ್ರೆ ಇದು, ಸಾವಿನ ಮನೆಯಾ?" ಎರಡನೇ ಹಾಡಿಗೆ ಹನಾನ್ ಗುಂಡಿನಂತೆ ಹಾರಿ ನಡುವಿಗೆ ಬಿದ್ದಳು. ಬಿದ್ದದ್ದನ್ನೇ ಸ್ಟೆಪ್ಪು ಮಾಡಿದಳು, ಮಲಗಿ ಸುತ್ತಿದಳು, ಎದ್ದು ಮಾಸ್ತರಿಗೆ ನಾಲಿಗೆ ತೋರಿಸಿ ಹೊರಬಂದಳು. ಮತ್ತೆ ಮಕ್ಕಳು ಒಂದರ ಬೆನ್ನಿಗೆ ಒಂದು. ದೊಡ್ಡವರೂ ನಾಚಿಕೊಂಡು, ನಗುತ್ತ, ಒಬ್ಬೊಬ್ಬರಾಗಿ ಹೋಗಿ ಬಂದರು. ಕೊನೆಗೆ ಉಳಿದದ್ದು ಇಬ್ಬರು. ಅಮ್ಮು ಒಂದು ಹೆಜ್ಜೆ ಇಟ್ಟಳು. ಅವಳ ಕಣ್ಣು ಅವನ ಮೇಲೆ ಬಿತ್ತು. ಹೆಜ್ಜೆ ಹಿಂದೆ ಹೋಯಿತು. ಈ ಸಲ ಬಾಯಿ ಏನೂ ಹೇಳಲಿಲ್ಲ, ಮೈ ಹೇಳಿತು. ಅವನು ಕೆಳಗೆ ನೋಡಿದ. ತನ್ನ ಕೈಗಳು ಹೊಟ್ಟೆಯ ಮುಂದೆ ಬೊಗಸೆಯಾಗಿದ್ದವು.

ಹೋಗು ಎಂದು ತನಗೆ ತಾನೇ ಹೇಳಿಕೊಂಡ. ಹೋದರೆ? ಹೋದರೆ ಇಲ್ಲಿಯೂ ಮೊದಲು ತಾನು, ಆಮೇಲೆ ಕೆಲಸದವರು ಯಾರಾದರೂ ಇದ್ದರೆ. ಹಾಗಾದರೆ ಅವಳನ್ನು ಕರೆಯುವುದು. ಅಮ್ಮು, ನೀನು ಹೋಗು ಎನ್ನುವುದು. ಆ ಯೋಚನೆ ಬಂದ ಕೂಡಲೇ ಎದೆಯೊಳಗೆ ಬೆಚ್ಚಗೆ ಏನೋ ಹರಿಯಿತು, ತಾನು ಒಳ್ಳೆಯವನು ಎಂಬ ಬೆಚ್ಚಗೆ. ಅದರ ಬೆನ್ನಿಗೇ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಸರಿಮಾಡಿಕೊಂಡದ್ದು ತಾನೇ. ಮೆಟ್ಟಿಲ ಮೇಲೆ ನಿಂತು ಹೆಸರು ಕರೆಯುವ ದೊಡ್ಡಪ್ಪ ಇಲ್ಲೇ, ತನ್ನ ಕತ್ತಿನೊಳಗೇ ಇದ್ದಾರೆ. ಪ್ರಸಾದ ಕೊಡುವ ಕೈ ಬೇರೆ, ಪಡೆಯುವ ಕೈ ಬೇರೆ ಎಂದುಕೊಂಡದ್ದು ಸುಳ್ಳು, ಎರಡೂ ಒಂದೇ ಮನೆಯ ಕೈ. ಸುಮ್ಮನೆ ನಿಲ್ಲುವುದೋ? ಅವಳಿಗೆ ಬಿಟ್ಟುಕೊಟ್ಟೆ ಎಂದು ರಾತ್ರಿಯಿಡೀ ಬೀಗುವುದಕ್ಕೆ ಅದೂ ಒಳ್ಳೆಯ ದಾರಿ. ಮುಂದೆ ಹೋದರೆ ಧಣಿ, ಹಿಂದೆ ನಿಂತರೆ ದೊಡ್ಡ ಮನಸ್ಸಿನ ಧಣಿ. ಎತ್ತ ತಿರುಗಿದರೂ ಅದೇ ಅಂಗಳ, ಅದೇ ಗದ್ದೆಯಂಚು. ಇಷ್ಟು ವರ್ಷ ತನ್ನ ಕಾಲಿಗೆ ಕುಣಿತ ಹತ್ತದಿರುವುದು ಮೊಣಕಾಲಿನ ದೋಷವಲ್ಲ. ಕರೆಯದೆ ಇಟ್ಟ ಒಂದು ಹೆಜ್ಜೆಯೂ ಈ ಕಾಲಿನ ನೆನಪಿನಲ್ಲಿ ಇಲ್ಲ. ಹೀಗೆ ಅವನು ತನ್ನೊಳಗೆ ಗಿರಗಿರ ಸುತ್ತುತ್ತಿರುವಾಗ ಹಾಡಿನಲ್ಲಿ ಡ್ರಮ್ಮು ಒಮ್ಮೆ ನಿಂತಿತು. ಉಸಿರಿನಷ್ಟು ಹೊತ್ತು ಏನೂ ಇರಲಿಲ್ಲ. ಆಮೇಲೆ ಟಪ್ ಎಂದು ಬಿತ್ತು. ಭಾರ ಕೆಳಗಿಳಿಯಿತು, ಹೊಗೆಗೂಡಿನಲ್ಲಿ ಇಳಿದು ಇಳಿದು ರೂಢಿಯಾದದ್ದು. ಇಳಿದ ಭಾರಕ್ಕೆ ಎಲ್ಲಿಗಾದರೂ ಹೋಗಬೇಕಿತ್ತು. ಅದು ಅವನನ್ನು ಕೇಳದೆ ಮುಂದಕ್ಕೆ ಹೋಯಿತು.

"ಸಾಕು ಮಾರಾಯ್ರೆ ಕಾದದ್ದು!" ಎನ್ನುತ್ತ ಅದೇ ಟಪ್‌ಗೆ ಅಮ್ಮುವೂ ನುಗ್ಗಿದಳು.

ನಡುವಿನಲ್ಲಿ ಡಿಕ್ಕಿ. ಅವಳ ಭುಜ ಅವನ ಗದ್ದಕ್ಕೆ ಬಡಿಯಿತು, ಹಲ್ಲಿನೊಳಗೆ ನಕ್ಷತ್ರ ಕಂಡಿತು. ಕೂಡಲೇ ಹನಾನ್ ಕಿರುಚಿದಳು: "ಇಬ್ಬರು ಹೊಕ್ಕಿದ್ರೆ ಬ್ಯಾಟಲ್! ಚಿನ್ಮಯ ಸಾರ್, ರೂಲ್ಸ್ ಉಂಟು! ಬ್ಯಾಟಲ್!" ಮಕ್ಕಳೆಲ್ಲ "ಬ್ಯಾಟಲ್, ಬ್ಯಾಟಲ್" ಎಂದು ನೆಲ ಬಡಿಯತೊಡಗಿದವು. ಚಿನ್ಮಯ ಹಾಡಿನ ಸದ್ದು ಏರಿಸಿದ. ಬ್ಯಾಟಲ್ ಎಂದರೆ ಎದುರಿನವರನ್ನು ಕುಣಿತದಲ್ಲೇ ಬೈಯುವುದು, ಮುಟ್ಟದೆ ಹೊಡೆಯುವುದು. ಅಮ್ಮು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೂರು ತಲೆಮಾರು ಒಟ್ಟಿಗೆ ನೋಡಿದ ಹಾಗಿತ್ತು. ಮತ್ತೆ ಬಲಗೈಯನ್ನು ಎಡಗೈಯ ಮೇಲಿಟ್ಟು, ಬೊಗಸೆ ಮಾಡಿ, ತಲೆ ಬಾಗಿಸಿ, ಓರೆಗಣ್ಣು ಬಿಟ್ಟಳು. ಅವನೇ! ಹೊಟ್ಟೆಯನ್ನೂ ಮುಂದೆ ತಂದಿದ್ದಳು. ಡ್ರಮ್ಮು ಬಿದ್ದಾಗ ಮೇಲಿನಿಂದ ಗಂಧ ಬಿದ್ದಂತೆ ಬೊಗಸೆ ಅದುರಿತು. ಇನ್ನೊಮ್ಮೆ ಬಿದ್ದಾಗ ತೆಂಗಿನಕಾಯಿ ಬಿದ್ದಂತೆ ಮೊಣಕಾಲು ಕುಸಿಯಿತು. ಮತ್ತೊಮ್ಮೆ ಬಿದ್ದಾಗ ಇಡೀ ಗುಡಿಯೇ ತಲೆಯ ಮೇಲೆ ಬಿದ್ದಂತೆ ಅವಳು ನೆಲಕ್ಕೆ ಹರಡಿ, ಹರಡಿದಲ್ಲಿಂದ ಚಕ್ರವಾಗಿ ತಿರುಗಿ, ಎದ್ದು ನಿಂತು, ಕೈಗಳನ್ನು ಜೀನ್ಸಿನ ಜೇಬಿಗೆ ಹಾಕಿಕೊಂಡಳು. ಬೊಬ್ಬೆಗೆ ಕಿಟಕಿಯ ಗಾಜು ನಡುಗಿತು. ಜಯಪ್ರಕಾಶನ ಕಿವಿ ಉರಿಯಿತು. ಅಂದು ಅಂಗಳ ದಾಟಿ ಅವಳ ಮೇಲೆ ಬಿದ್ದ ನಗು ಸುತ್ತಿ ಬಂದು ಈಗ ಇವನ ಮೇಲೆ ಬಿದ್ದಿತ್ತು. ವಿಚಿತ್ರವೆಂದರೆ ಅದು ಅವನು ಹೆದರಿದಷ್ಟು ಭಾರ ಇರಲಿಲ್ಲ. ಮೈ ಹಗುರವಾಗಿ, ಏನೋ ಮಾಡಬಹುದು ಎನ್ನಿಸಿತು. ಏನು? ಕಲಿತ ಸ್ಟೆಪ್ಪು ಒಂದೂ ನೆನಪಿಗೆ ಬರಲಿಲ್ಲ. ಗೊತ್ತಿದ್ದದ್ದು ಒಂದೇ, ಪ್ರತಿ ಭಾನುವಾರ ತಪ್ಪದೆ ಮಾಡಿದ್ದು.

ಅವನು ಕುರ್ಚಿಯಿಲ್ಲದೆ ಕೂತ. ತೊಡೆ ನಡುಗುವಷ್ಟು ಕೆಳಗೆ ಕೂತು, ಸ್ಟೇರಿಂಗು ಹಿಡಿದ. ಡ್ರಮ್ಮಿಗೊಂದು ಗುಂಡಿ, ಡ್ರಮ್ಮಿಗೊಂದು ಗುಂಡಿ, ಐವರ್ನಾಡಿನ ರಸ್ತೆ ಇಡೀ ಅವನ ಭುಜಗಳಲ್ಲಿ ಕುಣಿಯಿತು. ಅಮ್ಮು ನಿಂತ ಜಾಗ ಹತ್ತಿರವಾದಾಗ ಒಂದು ಕೈ ಗಾಜು ಏರಿಸಿತು, ನಿಧಾನ, ಬಹಳ ನಿಧಾನ, ಹಾಡಿನ ಅರ್ಧ ವೇಗದಲ್ಲಿ. ಕತ್ತು ಬಿಗಿಯಿತು. ಕಣ್ಣು ಇಲ್ಲದ ದನವನ್ನು ನೋಡಿತು. ದನಕ್ಕೊಂದು ಹಾರ್ನು ಹೊಡೆದ. ಅವಳನ್ನು ದಾಟಿದ ಮೇಲೆ ಕಣ್ಣು ಮಾತ್ರ ಕಳ್ಳನಂತೆ ಕನ್ನಡಿಗೆ ಹೋಗಿ, ಸಿಕ್ಕಿಬಿದ್ದು, ಓಡಿ ಬಂತು. ಅಮ್ಮುವಿನ ಬಾಯಿ ತೆರೆದುಕೊಂಡಿತು. ಆಮೇಲೆ ನಗು ಅವಳ ಹೊಟ್ಟೆಯಿಂದ, ಬಿಳಿ ಶೂಗಳಿಂದ, ಎಲ್ಲಿಂದಲೋ ಬಂತು. "ಅಯ್ಯೋ ಪಾಪಿ, ಗೊತ್ತಿದ್ದೇ ಮಾಡುದಾ!" ಎಂದು ಕೂಗಿ ಅವನ ಪಕ್ಕಕ್ಕೆ ಓಡಿ ಬಂದು, ಇಲ್ಲದ ಗಾಜಿನ ಮೇಲೆ ಡ್ರಮ್ಮಿಗೆ ಸರಿಯಾಗಿ ಟಕಟಕ ಬಡಿಯತೊಡಗಿದಳು. ಅವನು ದನವನ್ನೇ ನೋಡುತ್ತ ಗೇರು ಹಾಕಿದ. ಅವಳು ದನವೇ ಆಗಿ ಎದುರು ಬಂದು ಮಲಗಿದಳು. ಬ್ರೇಕು ಒತ್ತಿದ ಜಯಪ್ರಕಾಶ ತೊಡೆ ಸೋತು ಕುಂಡೆಯ ಮೇಲೆ ಕೂತೇಬಿಟ್ಟ. ಹಾಡು ಮುಗಿಯಿತು.

"ಗೆದ್ದದ್ದು ಅಮ್ಮು," ಎಂದ ಚಿನ್ಮಯ, ಕಣ್ಣೀರು ಒರೆಸಿಕೊಂಡು. "ಅದರಲ್ಲಿ ಎರಡು ಮಾತಿಲ್ಲ. ಸಾರ್, ನಿಮ್ಮ ಸ್ಟೆಪ್ಪು ಒಂದೂ ಸರಿ ಇರ್ಲಿಲ್ಲ."

"ಹೌದು," ಎಂದ ಜಯಪ್ರಕಾಶ ನೆಲದ ಮೇಲಿಂದಲೇ.

"ಶನಿವಾರ ಬನ್ನಿ. ಇಬ್ಬರೂ."

"ಧಣಿ ಅಂಕಲ್ ಹೋದ್ರೆ ಹಿಂದಿನ ಸಾಲಿನಲ್ಲಿ ನಮಗೆ ನೆರಳು ಯಾರು ಕೊಡುದು?" ಎಂದಳು ಹನಾನ್. ಅವಳ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಅವಳೂ ಶನಿವಾರಕ್ಕೆ ಹೋಗುವವಳೇ ಎಂಬುದು ಅವಳಿಗೆ ಆಮೇಲೆ ನೆನಪಾಯಿತು.

ಕೆಳಗೆ ಬಂದು ಪಿಕಪ್ಪಿನಲ್ಲಿ ಕೂತಾಗ ಗದ್ದ ಸಣ್ಣಗೆ ಬಾತಿತ್ತು. ಸಂತೋಷ ಎಂಬುದು ಹೀಗೆ ನೋಯುತ್ತದೆಯೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡ. ರಸ್ತೆಯಾಚೆ ಬಸ್‌ಸ್ಟಾಪಿನಲ್ಲಿ ಕೆಂಪು ಚೀಲ ಕಾಣಿಸಿತು. ತಿರುಗಿಸಿ ಅಲ್ಲಿಗೆ ಒಯ್ದು ನಿಲ್ಲಿಸಿದ. ಗಾಜು ಇಳಿಸಿದ. ಇಳಿಸಿದ ಮೇಲೆ ಏನು ಹೇಳಬೇಕು? ಬಾ ಎನ್ನುವುದೋ, ಬನ್ನಿ ಎನ್ನುವುದೋ, ಕರೆದರೆ ಮತ್ತೆ ಕರೆಯುವವನಾದೆ, ಕರೆಯದಿದ್ದರೆ... ಗಂಟಲು ಸರಿಮಾಡಿಕೊಳ್ಳಲು ಹೋಗಿ ಹಿಡಿದುಕೊಂಡ. ಬಾಗಿಲು ಆಗಲೇ ತೆರೆದಿತ್ತು. ಅಮ್ಮು ಸೆಂಟಿನ ಬಾಟಲಿಯನ್ನು ಎತ್ತಿ, ಮೂಸಿ, ಮುಖ ಕಿವುಚಿ, ಡ್ಯಾಶಿನ ಮೇಲಿಟ್ಟು ಕೂತಾಗಿತ್ತು. "ಇದು ಹಾಕಿದ್ರೆ ರಬ್ಬರೇ ವಾಸಿ," ಎಂದಳು. "ಬೆಲ್ಟ್ ಉಂಟಾ ಇದಕ್ಕೆ?"

ಬೆಳ್ಳಾರೆಯ ತನಕ ಅವರು ಆಡಿದ್ದು ಡ್ರಮ್ಮಿನ ಮಾತು. ನೀವು ಬೀಟಿಗಿಂತ ಮೊದಲೇ ಇಳೀತೀರಿ, ಬಸ್ಸು ನಿಲ್ಲುವ ಮೊದಲೇ ಇಳಿಯುವವರ ಹಾಗೆ, ತುಸು ಕಾಯಿರಿ ಎಂದಳು. ಕಾಯುದು ನನಗೆ ಗೊತ್ತುಂಟು ಎಂದ. ಅದು ಬೇರೆ ಕಾಯುದು ಎಂದಳು. ತಂಬಿಲದ ಮಾತು ಇಬ್ಬರೂ ಎತ್ತಲಿಲ್ಲ. ಅದು ಪಿಕಪ್ಪಿನ ಹಿಂಬದಿಯಲ್ಲಿ ಕಟ್ಟಿಹಾಕದ ಖಾಲಿ ಡ್ರಮ್ಮಿನ ಹಾಗೆ ತಿರುವಿನಲ್ಲೆಲ್ಲ ಉರುಳುತ್ತ ಬಂತು. ಬೆಳ್ಳಾರೆಯ ಪೇಟೆ ಹತ್ತಿರವಾದಾಗ ಅವನ ಕೈ ಗಾಜಿನ ಕಡೆಗೆ ಹೊರಟಿತು. ಅಮ್ಮು ಆ ಕೈಯನ್ನು ನೋಡಿದಳು. ಕೈ ನಾಚಿಕೊಂಡು ಸ್ಟೇರಿಂಗಿಗೆ ಹಿಂತಿರುಗಿತು. ಜಂಕ್ಷನಿನಲ್ಲಿ, ಹಣ್ಣಿನಂಗಡಿಯ ಮುಂದೆ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ ನಿಂತಿದ್ದವರು ಜತ್ತಪ್ಪ ದೊಡ್ಡಪ್ಪ. ಪಿಕಪ್ಪಿನ ಗುರುತು ಹತ್ತಿ ಕೈ ಎತ್ತಿದರು. ಒಳಗೆ ಕಂಡದ್ದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಎದುರಿನ ಬಸ್ಸು ಹಿಂದೆ ಮುಂದೆ ಮಾಡುತ್ತಿತ್ತು, ಪಿಕಪ್ಪು ಅವರ ಮೂಗಿನ ಕೆಳಗೇ ನಿಲ್ಲಬೇಕಾಯಿತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

ಅಮ್ಮು ಕಿಟಕಿಯಿಂದ ಅರ್ಧ ಹೊರಗೆ ಬಾಗಿದಳು. "ನಮಸ್ಕಾರ ಜತ್ತಪ್ಪಣ್ಣ! ನಾನು ಅಮ್ಮು. ನನ್ನ ಅಮ್ಮ ಸೆಲ್ವಿ. ಮುಂದಿನ ವರ್ಷಕ್ಕೆ ನೆನಪಿಟ್ಟುಕೊಳ್ಳಿ ಆಯ್ತಾ!"

ಬಸ್ಸು ದಾರಿ ಬಿಟ್ಟಿತು. ಜಯಪ್ರಕಾಶ ಹಾರ್ನು ಹೊಡೆದ. ಈ ಸಲ ಬೀಟಿಗೆ ಸರಿಯಾಗಿ.